ಕಡ್ಡಿ ಸಿಕ್ಕ ಸ್ಟಾರ್ಟರ್

ನನ್ನ ಗಂಡ ಬೈಲಹೊಂಗಲದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರಿಗೆ ಸರ್ ಅನ್ನುತ್ತದೆ. ಅವರು ಮಾತಾಡಿದರೆ ಎಲ್ಲರೂ ಕೇಳಬೇಕು. ನಾನು ಬಾಯಿ ತೆರೆದರೆ ಮಾತ್ರ ಅವರಿಗೆ ಓಣಿಯ ತುದಿಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಆ ಕೆಲಸದ ಹೆಸರು ಸಿಗರೇಟು. ಇಂಥ ಮನುಷ್ಯನನ್ನು ವಾರಕ್ಕೊಮ್ಮೆ ಎರಡು ತಾಸು ಹಾಸಿಗೆಯಲ್ಲಿ ಮಲಗಿಸಿ, ಎದ್ದು ಹೋಗಕೂಡದು ಎಂದು ಡಾಕ್ಟರರೇ ಕಟ್ಟಪ್ಪಣೆ ಮಾಡಿದರೆ ಹೆಂಡತಿಯಾದವಳಿಗೆ ಖುಷಿಯಾಗದೆ ಇರುತ್ತದೆಯೇ? ಆಗಿತ್ತು. ಹೆದರಿಕೆಯೂ ಆಗಿತ್ತು. ಮುಚ್ಚಿಡುವುದೇಕೆ, ಎರಡೂ ಒಟ್ಟಿಗೇ ಆಗಿದ್ದವು.

ಒಂದು ದಿನ ಬಚ್ಚಲಲ್ಲಿ ಕೆಂಪು ಕಂಡೆ. ಇದೇನು ಎಂದು ಕೇಳಿದೆ.

"ಬೀಟ್‌ರೂಟ್ ತಿಂದಿದ್ದೆ. ಅದರ ಬಣ್ಣ," ಅಂದರು, ಅದೇ ಪಾಠ ಹೇಳುವ ದನಿಯಲ್ಲಿ.

"ಯಾರ ಮನ್ಯಾಗ ತಿಂದ್ರಿ? ನಮ್ಮನ್ಯಾಗ ಬೀಟ್‌ರೂಟ್ ತಂದು ತಿಂಗಳ ಮ್ಯಾಲಾತು."

ನೋವಿಲ್ಲ, ಉರಿಯಿಲ್ಲ, ತಾನೇ ಹೋಗುತ್ತದೆ ಎಂದು ಜಾರಿಕೊಳ್ಳಲು ನೋಡಿದರು. ನೋವಿಲ್ಲದೆ ರಕ್ತ ಬಂದರೆ ಸುಮ್ಮನಿರಬಾರದು ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ನಾಳೆ ಬೆಳಗಾವಿಗೆ ಹೋಗೂದು. ಇಲ್ಲಾಂದ್ರ ನಿಮ್ಮ ಹಳೇ ವಿದ್ಯಾರ್ಥಿಗಳನ್ನೆಲ್ಲಾ ಮನಿಗೆ ಕರದು ಕೇಳತೇನಿ, ಸರ್ ಉಚ್ಚಿ ಯಾಕ ಕೆಂಪಗಾಗೇತಿ ಹೇಳ್ರಿ ಅಂತ."

ಮರುದಿನ ಮೊದಲ ಬಸ್ಸಿಗೆ ನನಗಿಂತ ಮುಂಚೆ ಅವರೇ ತಯಾರಾಗಿ ನಿಂತಿದ್ದರು.

ಬೆಳಗಾವಿಯ ಡಾಕ್ಟರರು ನಳಿಕೆಯ ತುದಿಯ ಕ್ಯಾಮೆರಾದಿಂದ ಮೂತ್ರಕೋಶದ ಒಳಗೆ ನೋಡಿದರು. ಎಳೆ ಹೂಕೋಸಿನಂಥ ಒಂದು ಗಂಟು. ಕ್ಯಾಮೆರಾ ಹೋದ ದಾರಿಯಿಂದಲೇ ಕೆರೆದು ತೆಗೆದರು. ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಎಂದೇ ಬಂತು. ಜೋರಾಗಿ ಬೆಳೆಯುವ ಜಾತಿಯದು, ಆದರೆ ಗೋಡೆಯ ಸ್ನಾಯುವಿಗೆ ಇನ್ನೂ ಇಳಿದಿರಲಿಲ್ಲ. ಇನ್ನು ಆರು ವಾರ ಬಿಸಿಜಿ ಔಷಧಿ ಎಂದರು. ಕೂಸುಗಳ ತೋಳಿಗೆ ಚುಚ್ಚುವ ಲಸಿಕೆಯೇ ಅದು. ಸೊರಗಿಸಿದ ಟಿಬಿ ಸೂಕ್ಷ್ಮಜೀವಿಗಳನ್ನು ನಳಿಕೆಯಿಂದ ಮೂತ್ರಕೋಶಕ್ಕೆ ಬಿಟ್ಟರೆ, ಅವನ್ನು ಓಡಿಸಲು ಬಂದ ಮೈಯ ಕಾವಲು ಪಡೆ ಕ್ಯಾನ್ಸರಿನ ಮೇಲೂ ಬೀಳುತ್ತದಂತೆ. ಸಿಗರೇಟು ಪೂರ್ತಿ ಬಂದ್. ಆಮೇಲೆ ಮತ್ತೆ ಕ್ಯಾಮೆರಾ. ಗಂಟು ಮರಳಿ ಬಂದಿದ್ದರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಅಂಟಿಸಬೇಕಾದೀತು ಎಂದೂ ಹೇಳಿದರು. ಅವತ್ತು ಊರಿಗೆ ಮರಳುವ ತನಕ ಸರ್ ಯಾರಿಗೂ ಪಾಠ ಹೇಳಲಿಲ್ಲ.

ವಾರಕ್ಕೊಮ್ಮೆ ಬೆಳಗಾವಿಯ ಆಸ್ಪತ್ರೆಯಲ್ಲಿ ಔಷಧಿಯನ್ನು ಒಳಗೆ ಬಿಟ್ಟ ಮೇಲೆ ಎರಡು ತಾಸು ಮೂತ್ರ ತಡೆದು ಮಲಗಬೇಕು. ಎಲ್ಲ ಗೋಡೆಗೂ ತಾಗಲಿ ಎಂದು ನಡುನಡುವೆ ಮಗ್ಗಲು ಬದಲಿಸಬೇಕು. ತವೆಯ ಮೇಲಿನ ರೊಟ್ಟಿಯಂತೆ ಅವರನ್ನು ತಿರುವಿಹಾಕುವ ಕೆಲಸ ನನ್ನದು. ಮೊದಲ ವಾರ ಅವರಿಗೆ ಧೈರ್ಯ ಮರಳಿತ್ತು, ಪಾಠ ಶುರು ಮಾಡಿಯೇ ಬಿಟ್ಟರು.

"ಸಂಪಗಾಂವದ ಹೊಲದಾಗ ನಮ್ಮಣ್ಣನ ಮೋಟರ್ ಇತ್ತಲ್ಲ, ನೆನಪೈತೇನು?"

"ಇಲ್ಲದೇನ್ರಿ? ಗುಂಡಿ ಬಿಟ್ಟ ಕೂಡ್ಲೆ ಬಂದ್ ಆಗತೈತಿ ಅಂತ ಬಾವ ಸ್ಟಾರ್ಟರಿಗೆ ಕಡ್ಡಿ ಸಿಗಿಸಿದ್ರು."

"ಹಾಂ. ಜೀವಕೋಶದ ಮೈಮ್ಯಾಲೂ ಅಂಥಾ ಗುಂಡಿ ಇರತಾವು. ಹೊರಗಿಂದ ಸುದ್ದಿ ಬಂದು ಒತ್ತಿದ್ರ ಒಂದು ಕೋಶ ಎರಡಾಗಬೇಕು, ಸುದ್ದಿ ನಿಂತ್ರ ಸುಮ್ಮನಾಗಬೇಕು. ಡಿಎನ್‌ಎದಾಗ ಒಂದು ಅಕ್ಷರ ಕೆಟ್ಟರ ಸಾಕು, ಗುಂಡಿಗೆ ಕಡ್ಡಿ ಸಿಕ್ಕಂಗ. ಯಾರೂ ಒತ್ತದಿದ್ರೂ ಒಳಗ ಬೆಳಿ, ಬೆಳಿ ಅಂತ ಒದರಕೋಂತ ಇರತೈತಿ."

"ಹಂಗಾರ ಫ್ಯೂಸ್ ಹೋಗಬೇಕಲ್ರಿ?"

ಹಾಸಿಗೆಯಲ್ಲೇ ಅವರ ಮುಖ ಅರಳಿತು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಪ್ರಶ್ನೆಗೆ ಹೀಗೆ ಹಿಗ್ಗಿದ್ದು ಅದೇ ಮೊದಲು.

"ಭಲೆ! ಪಿ-ಐವತ್ಮೂರು ಅಂತ ಒಂದು ಪ್ರೋಟೀನ್ ಐತಿ, ಅದ ಫ್ಯೂಸ್. ಡಿಎನ್‌ಎ ಕೆಟ್ಟಿದ್ರ ಕೋಶಾನ ನಿಲ್ಲಸತೈತಿ. ರಿಪೇರಿ ಆಗದಿದ್ರ ಕೊಂದು ಹಾಕತೈತಿ. ಎಷ್ಟೋ ಮಂದಿಗೆ ಈ ರೋಗದಾಗ ಅದೂ ಕೆಟ್ಟಿರತೈತಿ."

"ಬಾವ ಫ್ಯೂಸಿಗೆ ದಪ್ಪ ತಂತಿ ಸುತ್ತಿದ್ರು."

"ಹಂಗ ತಿಳ್ಕೊ."

"ಮೋಟರ್ ಸುಟ್ಟು ಹೋತು."

ಅವರು ಗಡಿಯಾರ ನೋಡಿದರು. ನಾನು ಬಿಡುವವಳೇ? "ಬಾವನ ಸ್ಟಾರ್ಟರಿಗೆ ಕಡ್ಡಿ ಬಾವ ಸಿಗಿಸಿದ್ರು. ಇದಕ್ಕ ಸಿಗಿಸಿದವರು ಯಾರ್ರಿ?"

"ಹೊಗಿಯೊಳಗಿನ ವಿಷ ರಕ್ತಕ್ಕ ಸೇರತೈತಿ. ಕಿಡ್ನಿ ಅದನ್ನ ಸೋಸಿ ಮೂತ್ರಕ್ಕ ಬಿಡತೈತಿ. ಮೂತ್ರಕೋಶದ ಗೋಡಿ ತಾಸುಗಟ್ಟಲೆ ಅದರಾಗ ನೆನಕೋಂತ…"

"ಅಂದ್ರ ನೀವ."

"ಮಗ್ಗಲಾ ಬದಲ್ಸು ಬಾ, ಹೊತ್ತಾತು," ಅಂದರು ಸರ್.

ಎರಡನೆಯ ವಾರದಿಂದ ತರಗತಿ ನನ್ನದಾಯಿತು. ಮದುವೆಯಾದಂದಿನಿಂದ ಕೂಡಿಟ್ಟ ತಕರಾರುಗಳಿದ್ದವು, ಎದ್ದು ಓಡದ ಗಂಡನಿದ್ದ. ಅತ್ತೆಯ ಮಾತಿಗೆ ಗೋಣು ಹಾಕಿದ್ದು, ಸೊಗಲದ ಗುಡಿಗೆ ಕರೆದೊಯ್ಯುತ್ತೇನೆಂದು ಒಯ್ಯದೇ ಇದ್ದದ್ದು, ಎಲ್ಲವನ್ನೂ ಬಿಚ್ಚಿದೆ. ಕೊನೆಗೆ ಎಲ್ಲಕ್ಕಿಂತ ದೊಡ್ಡದಕ್ಕೆ ಬಂದೆ: ಯರಗಟ್ಟಿ.

ಮದುವೆಯಾದ ಹೊಸತು. ನನ್ನ ತವರು ರಾಮದುರ್ಗಕ್ಕೆ ಇಬ್ಬರೂ ಹೊರಟಿದ್ದೆವು. ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಇವರು, ಈಗ ಬಂದೆ, ಎಂದು ಸಿಗರೇಟು ಸೇದಲು ಇಳಿದರು. ಬಸ್ಸು ಹೊರಟೇ ಹೋಯಿತು. ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಹೊಸ ಮದುವಣಗಿತ್ತಿ ಒಬ್ಬಳೇ ಟ್ರಂಕು ಹಿಡಿದು ತವರಿನ ಬಾಗಿಲಲ್ಲಿ ನಿಂತರೆ ಓಣಿಯ ಮಂದಿ ಏನಂದುಕೊಂಡಾರು? ಗಂಡ ಬಿಟ್ಟು ಕಳಿಸಿದನೆಂದು ಅವ್ವ ಅತ್ತೇ ಬಿಟ್ಟಳು. ಹೋಳಿಗೆಯ ಹೂರಣ ಹಳಸಿತು. ಅಳಿಯ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ದಾರಿಯಲ್ಲಿ ಹಳೆಯ ಮಾಸ್ತರರು ಸಿಕ್ಕಿದ್ದರು ಎಂದ. ನಾನು ಅದನ್ನು ಒಂದು ದಿನವೂ ನಂಬಿಲ್ಲ.

"ಯಾವ ಮಾಸ್ತರ್ರಿ?" ಎಂದು ಈಗ ಕೇಳಿದೆ.

"ಅವರು ತೀರಿಕೊಂಡಾರ."

"ಹೆಸರರ ಇತ್ತಿಲ್ಲೋ ಅವರಿಗೆ?"

ಉರಿಯಾಗುತ್ತಿದೆ ಎಂದರು, ನರ್ಸ್ ಬಾಯಿಯನ್ನು ಕರೆ ಎಂದರು. ವಾರ ವಾರವೂ ಇದೇ ಆಟ. ಮನೆಗೆ ಬಂದ ಮೇಲೆ, ಮೂತ್ರದಲ್ಲಿ ಹೊರಬೀಳುವ ಆ ಟಿಬಿ ಜೀವಿಗಳು ಸಾಯಲೆಂದು ಅವರು ಪಾಯಖಾನೆಗೆ ಬ್ಲೀಚಿಂಗ್ ಪೌಡರಿನ ನೀರು ಸುರಿಯುವಾಗಲೂ ನಾನು ಹೊರಗಿನಿಂದ ಮಾಸ್ತರರ ಆರೋಗ್ಯ ವಿಚಾರಿಸುತ್ತಿದ್ದೆ.

ಮುಂದೊಂದು ವಾರ ಆಸ್ಪತ್ರೆಯಲ್ಲಿ ಅವರನ್ನು ತಿರುವಿಹಾಕಲು ಬಗ್ಗಿದೆ. ಬಾಯಿಂದ ಲವಂಗದ ವಾಸನೆ ಬಂತು. ಲವಂಗದ ಕೆಳಗೆ ಇನ್ನೊಂದು ವಾಸನೆಯೂ ಇತ್ತು. ಆ ವಾಸನೆಯೊಂದಿಗೆ ಜೀವಮಾನವಿಡೀ ಬಾಳಿದವಳು ನಾನು. ನಗು, ಚೇಷ್ಟೆ ಎಲ್ಲ ಎಲ್ಲಿ ಹೋಯಿತೋ.

"ಸೇದಿರಿ ಹೌದಲ್ರಿ?"

"ಒಂದ… ಹೆದರಿಕಿ ಆಗಿತ್ತು."

"ನನಗ ಆಗಂಗಿಲ್ಲೇನು? ಬಾಯಿ ಮುಚ್ಚಿದ್ರ ಅಳು ಬರತೈತಿ, ಅದಕ್ಕ ಬಡಬಡಾ ಮಾತಾಡತೇನಿ. ನೀವು ನೋಡಿದ್ರ ಗೋಡಿನ ಮತ್ತ ವಿಷದಾಗ ನೆನಸಾಕತ್ತೀರಿ. ಈ ಸಲ ನನ್ನ ಬಸ್ಸಿನ್ಯಾಗ ಕುಂದ್ರಿಸಿ ನೀವು ಇಳದು ಹೋಗಬ್ಯಾಡ್ರಿ."

ನಾನು ಕಣ್ಣೊರೆಸಿಕೊಂಡೆ.

"ಯಾವ ಮಾಸ್ತರೂ ಸಿಕ್ಕಿರಲಿಲ್ಲ," ಅಂದರು. "ಬಸ್ ಹೋಗಿದ್ದು ನೋಡಿ ಎದಿ ಧಸಕ್ಕಂತು. ಆ ಗಾಬರಿಗೆ ಇನ್ನೊಂದು ಹಚ್ಚಿದೆ. ಅದು ಮುಗಿಯೂದರಾಗ ಎರಡನೇ ಬಸ್ಸೂ ಹೋತು."

ಅಯ್ಯ ಶಿವನೇ! ಇಷ್ಟು ವರ್ಷ ಕಾದದ್ದು ಇದಕ್ಕೇ? ಸಿಟ್ಟಾಗಬೇಕೆಂದು ಬಾಯಿ ತೆರೆದೆ, ನಗು ಬಂತು. ಅವರಿಗೂ ಬಂತು.

"ನಗಸಬ್ಯಾಡ ಮಾರಾಯ್ತಿ, ಇನ್ನೂ ಅರ್ಧಾ ತಾಸು ತಡೀಬೇಕು!"

ಅವತ್ತು ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಜೇಬಿನ ಸಿಗರೇಟು ಪಾಕೀಟು ತೆಗೆದು, ತಾವಾಗಿಯೇ, ಕಸದ ಡಬ್ಬಿಗೆ ಹಾಕಿದರು.

ಕೆಲವು ತಿಂಗಳ ಮೇಲೆ ಮತ್ತೆ ಕ್ಯಾಮೆರಾ ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಸೆರಗು ಹಿಂಡುತ್ತ ಕುಳಿತಿದ್ದೆ. ಗಂಟಿಲ್ಲ, ಮೂತ್ರಕೋಶ ಉಳಿಯಿತು, ಎಂದು ಡಾಕ್ಟರರು ಬಂದು ಹೇಳಿದರು. ಆದರೆ ಇದು ಮರಳಿ ಬರುವ ಚಾಳಿಯ ರೋಗ, ಇನ್ನೂ ಮೂರು ವಾರ ಔಷಧಿ ಇದೆ, ವರ್ಷಗಟ್ಟಲೆ ಬಂದು ತೋರಿಸುತ್ತಿರಬೇಕು ಎಂದರು. ನನಗೆ ಅಷ್ಟೇ ಸಾಕಿತ್ತು.

ಅದೇ ವಾರ ಸುದ್ದಿ ಹೇಳಲು ರಾಮದುರ್ಗಕ್ಕೆ ಅಣ್ಣನ ಮನೆಗೆ ಹೊರಟೆವು. ಯರಗಟ್ಟಿಯಲ್ಲಿ ಬಸ್ಸು ನಿಂತಿತು. ಬಿಸಿಜಿ ಶುರುವಾದಾಗಿನಿಂದ ಇವರಿಗೆ ಮೂತ್ರ ತಡೆಯುವುದಾಗುವುದಿಲ್ಲ. ಚಡಪಡಿಸಿದರು, ನನ್ನ ಮುಖ ನೋಡಿದರು.

"ಇಳೀಲೇನು?" ಸಾಲಿ ಹುಡುಗ ಕೇಳಿದ ಹಾಗೆ ಕೇಳಿದರು.

"ಇಳೀರಿ," ಅಂದೆ. ಚೀಲ ಎತ್ತಿಕೊಂಡು ನಾನೂ ಹಿಂದೆಯೇ ಇಳಿದೆ.

ಶೌಚಾಲಯದ ಹೊರಗೆ ನಿಂತಿದ್ದಾಗ ಕಂಡಕ್ಟರ್ ಸೀಟಿ ಊದಿದ. ಕೂಗಿದ್ದರೆ ನಿಲ್ಲಿಸುತ್ತಿದ್ದನೇನೋ. ಕೂಗಲಿಲ್ಲ. ಇವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಖಾಲಿ ಜಾಗ ನೋಡಿ ಗಾಬರಿಯಾದರು.

"ಬಸ್?"

"ಹೋತು."

ಗಾಬರಿಗೆ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ. ಎದುರಿಗೇ ಪಾನ್ ಅಂಗಡಿ. ಅವರು ಅಂಗಡಿ ನೋಡಿದರು, ನಾನು ಅವರನ್ನು ನೋಡಿದೆ.

"ಬಾಳೆಹಣ್ಣು ತರ್ಲೇನು?" ಅಂದರು.

"ತರ್ರಿ. ನಾ ಇಲ್ಲೇ ಅದೇನಿ."