ಧೂಳಿನ ಡಬ್ಬದ ಮೇಲೆ ಬಂದ ಅಪವಾದ

ನನ್ನ ಅಕ್ಕ ಮಕ್ಕಳ ಕುರ್ಚಿ ಮಾಡುತ್ತಾಳೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಕಾಲು ಅಲುಗಾಡುತ್ತದೆ ಎಂದು ಒಂದು ಕುರ್ಚಿಯೂ ವಾಪಸು ಬಂದಿಲ್ಲ. ಆದರೂ ಭಾವನ ಬಾಯಲ್ಲಿ ಅದು "ಅವಳಿಗೆ ಹೊತ್ತು ಹೋಗಬೇಕಲ್ಲ" ಎನ್ನುವ ಕೆಲಸ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ತಿಂಗಳು ಕೆಮ್ಮು ಹೆಚ್ಚಾಗಿ ಅಕ್ಕ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮರದ ಧೂಳು ಇನ್ನು ಎದೆಗೆ ಹೋಗಕೂಡದು, ಹೋದರೆ ಈ ಕೆಲಸ ಬಿಡಬೇಕಾಗುತ್ತದೆ ಎಂದರು ಡಾಕ್ಟರು. ಭಾವ ಅಲ್ಲಿಂದ ನೇರ ಶೆಡ್ಡಿಗೆ ಬಂದರು. ಅಲ್ಲಿ ಧೂಳು ಹೀರುವ ಮೆಷೀನು ಇತ್ತು. ಒಂದು ಮೋಟಾರು, ಅದಕ್ಕೊಂದು ಫ್ಯಾನು, ಗರಗಸದ ಬುಡಕ್ಕೆ ಹೋಗುವ ದಪ್ಪ ಪೈಪು, ಮೇಲೆ ಗಾಳಿ ಸೋಸುವ ಬಟ್ಟೆಯ ಚೀಲ, ಕೆಳಗೆ ಡಬ್ಬ. ಮುಚ್ಚಳ ತೆಗೆದರೆ ಡಬ್ಬದ ತುಂಬ ಹಿಟ್ಟಿನಂಥ ಧೂಳು.

"ನೋಡಯ್ಯ, ರೋಗ ಎಲ್ಲಾ ಇಲ್ಲೇ ಇದೆ!" ಎಂದರು ಭಾವ.

ಅರ್ಧ ಗಂಟೆಯಲ್ಲಿ ಬಿಚ್ಚಿ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುವ ಗಾದೆ ನನಗೂ ಗೊತ್ತು. ಆದರೆ ಅವತ್ತು ಅವರಿಗೆ ಸ್ಪ್ಯಾನರು ಎತ್ತಿಕೊಟ್ಟವನು ನಾನೇ.

ಮನೆಗೆ ಬಂದ ಮರುದಿನವೇ ಅಕ್ಕ ಶೆಡ್ಡಿಗೆ ಹೋದಳು, ಹೋದಷ್ಟೇ ಬೇಗ ತಿರುಗಿ ಬಂದಳು.

"ರೀ, ಮೆಷೀನ್ ಎಲ್ಲಿ?"

"ಬಿಚ್ಚಿಹಾಕ್ದೆ. ನಿನ್ನ ಒಳ್ಳೇದಕ್ಕೇ."

"ನನ್ನ ಒಂದು ಮಾತು ಕೇಳಿದ್ರಾ?"

"ಆಸ್ಪತ್ರೇಲಿ ಮಲಗಿರೋಳನ್ನ ಏನು ಕೇಳೋದು?"

"ಕೆಟ್ಟಿದ್ದು ನನ್ನ ಎದೆ. ಬಾಯಲ್ಲ."

ಆಮೇಲೆ ಮನೆಯಿಡೀ ಹುಡುಕಾಟ. ಪೈಪಿನಲ್ಲಿ ಬಟ್ಟೆ ಒಗೆದ ನೀರು ಭಾವನ ಗಿಡಗಳಿಗೆ ಹರಿಯುತ್ತಿತ್ತು. ಚೀಲ ಸ್ಕೂಟರಿಗೆ ಹೊದಿಕೆಯಾಗಿತ್ತು. ಡಬ್ಬದಲ್ಲಿ ಅಕ್ಕನ ಅತ್ತೆಯ ಹಳೇ ಕಂಬಳಿಗಳು. ಪೈಪು ಬಿಗಿಯುವ ಎರಡು ಕ್ಲಿಪ್ಪು ನನ್ನ ಮನೆಯ ನಲ್ಲಿಯಲ್ಲಿದ್ದವು. ತಲೆ ತಗ್ಗಿಸಿಕೊಂಡು ತಂದುಕೊಟ್ಟೆ. ಮೆಷೀನು ಯಾರಿಗೂ ಬೇಡವಂತೆ, ಅದರ ಒಂದೊಂದು ತುಂಡು ಮಾತ್ರ ಎಲ್ಲರಿಗೂ ಬೇಕು!

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಜೋಡಿಸಲು ಅವಳಿಗೆ ಮೂರು ದಿನ ಹಿಡಿಯಿತು. ತಾನೇ ಮಾಡಿದ ಪುಟ್ಟ ಕುರ್ಚಿಯಲ್ಲಿ ಕೂತು, ನಾಲ್ಕು ಬೋಲ್ಟು ಬಿಗಿದು, ಉಸಿರು ಹಿಡಿಯಿತೆಂದು ಸುಮ್ಮನಾಗಿ, ಮತ್ತೆ ಬಿಗಿಯುತ್ತಿದ್ದಳು. ಭಾವ ಕೈ ಹಾಕಲು ಬಂದರೆ ಅವಳ ಒಂದು ನೋಟಕ್ಕೇ ಹಿಂದೆ ಸರಿಯುತ್ತಿದ್ದರು. ಫ್ಯಾನನ್ನು ಕೈಯಲ್ಲೇ ತಿರುಗಿಸಿ ಎಲ್ಲಾದರೂ ಉಜ್ಜುತ್ತದೆಯೇ ಎಂದು ಕಿವಿಗೊಟ್ಟು ಕೇಳಿದಳು. ಮುಚ್ಚಳದ ರಬ್ಬರು ಪಟ್ಟಿ ಕಳೆದುಹೋಗಿತ್ತು. ಹಳೇ ಸೈಕಲ್ ಟ್ಯೂಬು ಸೀಳಿ ಅಂಟಿಸಿದಳು.

ಮೂರನೆಯ ದಿನ ಮಧ್ಯಾಹ್ನ ಸ್ವಿಚ್ಚಿಗೆ ಕೈ ಹಾಕಿದಳು. ಆಗ ಭಾವ, "ಅಮ್ಮ ಮಲಗಿದಾರೆ, ಆಮೇಲೆ ಹಾಕು" ಎಂದರು.

ಅಕ್ಕ ನಿಧಾನವಾಗಿ ತಿರುಗಿದಳು.

"ಎರಡು ವರ್ಷದಿಂದ ನೀವು ಇದೇ ಮಾತು ಹೇಳ್ತಿದೀರಿ. ನಾನೂ ದಿನಾ ಮಧ್ಯಾಹ್ನ ಮೆಷೀನ್ ಆರಿಸೇ ಮರ ಉಜ್ಜಿದೀನಿ. ಡಬ್ಬದಲ್ಲಿ ನೀವು ಕಂಡಿದ್ದು ಮೆಷೀನ್ ಹಿಡಿದ ಧೂಳು. ಅದು ಹಿಡೀದೇ ಇದ್ದಿದ್ದು ಎಲ್ಲಿಗೆ ಹೋಯ್ತು? ಹೇಳಿ!"

ಭಾವ ಡಬ್ಬದ ಕಡೆ ನೋಡಿದರು. ನನಗೂ ಆಗಲೇ ಗೊತ್ತಾಗಿದ್ದು. ಅವತ್ತು ಸ್ಪ್ಯಾನರು ಎತ್ತಿಕೊಟ್ಟ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಅನಿಸಿತು. ಅಕ್ಕ ಸ್ವಿಚ್ಚು ಒತ್ತಿದಳು. ಮೆಷೀನು ಹೂಂಕರಿಸಿತು. ಅವಳು ಮುಚ್ಚಳದ ಸುತ್ತ ಒಂದು ನೂಲೆಳೆ ಹಿಡಿದು ಸುತ್ತು ಬಂದಳು. ಎಳೆ ಎಲ್ಲೂ ಅಲುಗಲಿಲ್ಲ, ಎಲ್ಲೂ ಸೋರಿಕೆ ಇಲ್ಲ. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದರು.

"ನಿದ್ದೆ ಕೆಡ್ತಾ ಅಮ್ಮ?" ಎಂದು ಭಾವ ಓಡಿಹೋದರು.

"ಈ ಸದ್ದಿಗೆ ನನಗೆ ಯಾವತ್ತು ನಿದ್ದೆ ಕೆಟ್ಟಿತ್ತೋ? ಸೊಸೆ ಕೆಲಸದಲ್ಲಿದಾಳೆ ಅಂತ ಹಾಯಾಗಿ ಮಲಗ್ತಿದ್ದೆ. ನಿದ್ದೆ ಕೆಡಿಸಿದ್ದು ಅವಳ ಕೆಮ್ಮು ಕಣೋ."

"ಮತ್ತೆ ನೀನು ಯಾಕೆ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು?"

ಅಕ್ಕ ಆ ಮುದುಕಿಯನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅರ್ಧಕ್ಕೆ ನಿಂತಿದ್ದ ಕುರ್ಚಿಯ ಕಾಲನ್ನು ಕೈಗೆತ್ತಿಕೊಂಡಳು. ಮೆಷೀನು ಓಡುತ್ತಲೇ ಇತ್ತು.