ನಾಲ್ಕು ಮಂದಿಗೆ ಡಂಗುರ

ಕನ್ನಡ ನಾಡು ಒಂದಾಗುವುದಕ್ಕೆ ಇನ್ನೂ ಮೂರು ವರ್ಷವಿದ್ದ ಬೇಸಿಗೆಯಲ್ಲಿ, ಒಂದು ಮಂಗಳವಾರ, ನಮ್ಮ ಊರಿನಲ್ಲಿ ಡಂಗುರ ಸಾರುತ್ತಿದ್ದ ಹಿರಿಯರೊಬ್ಬರನ್ನು ಪೊಲೀಸರು ಠಾಣೆಗೆ ಕರೆಸಿ ಒಂದು ಕಾಗದದ ಮೇಲೆ ಹೆಬ್ಬಟ್ಟು ಒತ್ತಿಸಿಕೊಂಡರು. ಮಸಿ ನೀಲಿ. ನಾಲ್ಕು ದಿನ ಕಳೆದರೂ ಅದು ಎಡಗೈ ಹೆಬ್ಬೆರಳಿನ ಉಗುರಿನ ಸುತ್ತ ಉಳಿದಿತ್ತು. ಡಂಗುರಕ್ಕೆ ಬಡಿಯುವ ಹಲಗಿಯ ಅಂಚನ್ನು ಹಿಡಿಯುವ ಬೆರಳು ಅದೇ ಆದ್ದರಿಂದ ಎಲ್ಲರಿಗೂ ಕಾಣುತ್ತಿತ್ತು.

ನಮ್ಮ ಊರು ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿದೆ. ಡಂಗುರದವರಿಗೆ ಆಗ ಐವತ್ತರ ಆಸುಪಾಸು ವಯಸ್ಸು. ಉದ್ದ ಕುತ್ತಿಗೆ, ಎದೆಗೂಡಿಗಿಂತ ದೊಡ್ಡದೆನಿಸುವ ದನಿ. ಊರು ಅವರನ್ನು ಏಕವಚನದಲ್ಲಿ ಕರೆಯುತ್ತಿತ್ತು. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ ನಾನೂ ಹಾಗೆಯೇ ಕರೆಯುತ್ತಿದ್ದೆ. 'ಅವರು' ಎಂದು ಬರೆಯುತ್ತಿರುವುದು ಈಗ.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ನಮ್ಮ ಭಾಗದ ಸುದ್ದಿ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದೆ. ಅವರಿಗೆ ಓದು ಬರುತ್ತಿರಲಿಲ್ಲ. ಸಾರಬೇಕಾದ ಕಾಗದ ಕಚೇರಿಯಿಂದ ಬಂದರೆ ಅದನ್ನು ಹಿಡಿದು ನನ್ನ ಬಾಗಿಲಿಗೆ ಬರುತ್ತಿದ್ದರು.

"ಎರಡು ಸಲ ಓದ್ರಿ, ಪೇಪರಿನವರ. ಮೂರನೇದ್ದು ನಾ ಹೇಳತೇನಿ."

ಮೂರನೆಯ ಸಲ ಅವರು ಹೇಳುವಾಗ ನಾನು ಕಾಗದದ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಒಂದು ಶಬ್ದ ತಪ್ಪುತ್ತಿರಲಿಲ್ಲ. ಕರ ತುಂಬುವ ಗಡುವು, ಸಿಡುಬಿಗೆ ದೇವಿ ಹಾಕಿಸಿಕೊಳ್ಳುವ ದಿನ, ಕೆರೆಯ ನೀರು ಬಿಡುವ ಹೊತ್ತು, ಎಲ್ಲವೂ ಕಾಗದದಲ್ಲಿ ಇದ್ದ ಹಾಗೆಯೇ.

"ಸರಕಾರದ ಮಾತಿನಾಗ ಒಂದು ಬಿಡಬಾರದು, ಒಂದು ಕೂಡಸಬಾರದು. ಬಿಟ್ರ ಮಂದಿ ಸಿಗಬೀಳತಾರ. ಕೂಡಸಿದ್ರ ನಾ ಸಿಗಬೀಳತೇನಿ."

ಮುಂದೆ ಪತ್ರಿಕಾ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಇದಕ್ಕಿಂತ ಚೆನ್ನಾಗಿ ಆ ಕೆಲಸವನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಹಲಗಿ ಕಾಯಿಸುವ ಕೆಲಸ ಅವರ ಹೆಂಡತಿಯದು. ಜೋಳದ ದಂಟಿನ ಉರಿ ಮಾಡಿ, ಚರ್ಮವನ್ನು ಅದರ ಮೇಲೆ ತಿರುಗಿಸುತ್ತ, ನಡುನಡುವೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. "ಈಗ ತಗೋರಿ, ಮಾತಾಡಾಕತ್ತೈತಿ" ಎಂದು ಕೈಗೆ ಕೊಟ್ಟ ಮೇಲೆಯೇ ಗಂಡ ಹೊರಬೀಳುವುದು. "ಹಲಗಿ ಆಕೀದರಿ. ನಾ ಬರೇ ಹೊತಗೊಂಡು ತಿರಗತೇನಿ" ಎನ್ನುತ್ತಿದ್ದರು. ಆ ಹಲಗಿಯಲ್ಲೇ ಅವರು ಸಂಸ್ಥಾನದ ಹುಕುಮುಗಳನ್ನು ಸಾರಿದ್ದರು, ಅದರಲ್ಲೇ ಸ್ವಾತಂತ್ರ್ಯ ಬಂದ ಸುದ್ದಿಯನ್ನೂ ಸಾರಿದ್ದರು. ಊರಿನಲ್ಲಿ ಯಾರು ಸತ್ತರೂ ಸಿದಿಗೆಯ ಮುಂದೆ ಅದೇ ಹಲಗಿ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಕರ್ನಾಟಕ ಒಂದಾಗಬೇಕೆಂಬ ಮಾತು ಎಲ್ಲ ಕಡೆ ಬಿಸಿಯಾಗಿತ್ತು. ನಮ್ಮ ಊರಿನ ಹುಡುಗರೂ ಕಟ್ಟೆಯ ಮೇಲೆ ಕೂತು ಘೋಷಣೆ ಕೂಗಿದರು. ಅಷ್ಟಕ್ಕೆ ಗದಗಿನ ಕಡೆಯಿಂದ ಒಬ್ಬ ಗುಪ್ತ ಪೊಲೀಸ ಬಂದಿಳಿದ. ಬಿಳಿ ಪಾಯಿಜಾಮ, ಕರಿ ಟೊಪ್ಪಿಗೆ. ಕಾಲಲ್ಲಿ ಮಾತ್ರ ಪೊಲೀಸರ ಬೂಟು. ಸಂಜೆಯೊಳಗೆ ಊರು ಅವನಿಗೆ ಬೂಟಿನಪ್ಪ ಎಂದು ಹೆಸರಿಟ್ಟಿತು. ಬಸ್‌ ನಿಲ್ದಾಣದೆದುರಿನ ಚಹಾದಂಗಡಿಯ ಸಾಬರು ಎದ್ದು ನಿಂತು ಅವನನ್ನು ಬರಮಾಡಿಕೊಂಡರು.

"ಬರ್ರಿ ಸಾಹೇಬ್ರ, ಕುಂಡ್ರಿ."

"ನಾ ಸಾಹೇಬ ಅಲ್ರಿ. ಹತ್ತಿ ಖರೀದಿಗೆ ಬಂದೇನಿ."

"ಖರೆ ಐತ್ರಿ. ಹತ್ತಿ ಇಲ್ಲದ ತಿಂಗಳದಾಗ ಖರೀದಿಗೆ ಬಂದ್ರ ಅಗದಿ ಸೋವಿ ಸಿಗತೈತಿ. ಸಕ್ಕರಿ ಎಷ್ಟು ಹಾಕ್ಲಿ?"

ಅವನು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುತ್ತಿದ್ದ. ಮೊದಲೆರಡು ದಿನ ಜನ ಅಂಜಿದರು. ಮೂರನೆಯ ದಿನದಿಂದ ಅವನಿಗೆ ತಾವೇ ವರದಿ ಒಪ್ಪಿಸತೊಡಗಿದರು. ಬೆಳಿಗ್ಗೆ ಚಂಬು ಹಿಡಿದು ಹಳ್ಳದ ಕಡೆ ಹೋಗುವವರು ಅವನ ಮುಂದೆ ನಿಂತು, "ಬರ್ಕೊಳ್ರಿ, ಹೊಂಟೇನಿ. ಹಿಂದ ಬರೂದಿದ್ರ ಬರ್ರಿ, ನಂದೇನೂ ಹರಕತ್ತಿಲ್ಲ" ಎನ್ನುತ್ತಿದ್ದರು. "ಬ್ರಿಟಿಷರು ಹೋಗೂಮುಂದ ಜಲ್ದಿಯೊಳಗ ಬೂಟು ಬಿಟ್ಟು ಹೋಗ್ಯಾರ ನೋಡ್ರಿ" ಎಂದು ಸಾಬರು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು.

ಇದಾದ ವಾರಕ್ಕೆ ನಿರ್ಬಂಧದ ಆಜ್ಞೆ ಬಂತು. ಕಾಗದವನ್ನು ಡಂಗುರದವರು ನನ್ನಲ್ಲಿಗೆ ತಂದಾಗ ಹುಬ್ಬಳ್ಳಿಯ ಬಸ್ಸು ಹೊರಡುವುದರಲ್ಲಿತ್ತು. ನನ್ನ ಸುದ್ದಿಯ ಲಕೋಟೆ ಇನ್ನೂ ಕೈಯಲ್ಲಿತ್ತು. ನಿಂತೇ ಎರಡು ಸಲ ಓದಿದೆ: ಐದು ಅಥವಾ ಅದಕ್ಕಿಂತ ಹೆಚ್ಚು ಜನ ಎಲ್ಲಿಯೂ ಕೂಡಬಾರದು, ಕೂಡಿ ನಡೆಯಬಾರದು, ತಪ್ಪಿದವರನ್ನು ಹಿಡಿಯಲಾಗುವುದು. ಮೂರನೆಯದು ಅವರು ಹೇಳಿದರು. ನಕಲು ಮಾಡಿಕೊಳ್ಳಲೆಂದು ಕಾಗದವನ್ನು ನಾನು ಇಟ್ಟುಕೊಂಡೆ.

"ಸ್ವತಂತ್ರ ಬಂತಂತ ನಾನ ಸಾರಿದ್ದೆ" ಎಂದರು. "ಈಗ ಇದನ್ನೂ ನಾನ ಸಾರಬೇಕು."

ಊರ ಬಾಗಿಲಾದ ಅಗಸಿಯಲ್ಲಿ ಹಲಗಿ ಬಡಿದಾಗ ಎಂದಿನಂತೆ ಜನ ಕೂಡಿದರು, ಮೂವತ್ತರ ಮೇಲೆಯೇ. ಅವರು ಬಡಿಯುವುದನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಎಣಿಸಿದರು. ಮುಖದಲ್ಲಿ ನಗು ಇರಲಿಲ್ಲ.

"ನಾಲ್ಕ ಮಂದಿ ನಿಂದರ್ರಿ. ನಾ ಸಾರಾವ, ಲೆಕ್ಕಕ್ಕಿಲ್ಲ. ಉಳದವರು ಹೋಗಿ ಅಲ್ಲೆ ದೂರ ನಿಂದರ್ರಿ. ಈ ಹುಕುಂ ಕೇಳಾಕ ಐದು ಮಂದಿ ಕೂಡಬಾರದಂತ ಈ ಹುಕುಮಿನಾಗ ಐತಿ."

ನಾಲ್ಕು ಮಂದಿಗೆ ಸಾರಿದರು. ಅವರನ್ನು ಕಳಿಸಿ ಮತ್ತೆ ನಾಲ್ಕು ಮಂದಿಯನ್ನು ಕರೆದರು. ಒಂದು ಗಳಿಗೆಯ ಕೆಲಸ ಅಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯಿತು. ಅಷ್ಟೂ ಸಲ ಮಾತು ಅವೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಬೂಟಿನಪ್ಪ ಬರೆದುಕೊಳ್ಳಲು ಹತ್ತಿರ ಬಂದಾಗ, "ನೀವು ಐದನೇದವರಾಗತೀರಿ, ಸಾಹೇಬ್ರ. ಆಕಡೆ ನಿಂದರ್ರಿ" ಎಂದರು.

ಊರು ನಕ್ಕಿತು. ಚಹಾದಂಗಡಿಯಲ್ಲಿ ಐದನೆಯವನು ಕಾಲಿಟ್ಟರೆ ಮೊದಲಿನವನು ಕೈಮುಗಿದು ಎದ್ದು ಹೋಗುವ ಆಟ ಸುರುವಾಯಿತು. ಆರು ಮಕ್ಕಳ ತಂದೆಯೊಬ್ಬ ಮನೆಯವರೆಲ್ಲ ಕೂಡಿ ಊಟಕ್ಕೆ ಕೂಡ್ರಲು ಪರವಾನಗಿ ಬೇಕೆಂದು ಠಾಣೆಗೆ ಅರ್ಜಿ ಕೊಟ್ಟ. ಬೇವಿನ ಮರದ ಕೆಳಗಿನ ಐದು ಹೆಡೆಯ ನಾಗಪ್ಪನ ಕಲ್ಲಿನಲ್ಲಿ ಒಂದು ಹೆಡೆಗೆ ಯಾರೋ ಬಟ್ಟೆ ಕಟ್ಟಿದರು. ಇದೆಲ್ಲ ಬೂಟಿನಪ್ಪನ ಪುಸ್ತಕ ಸೇರಿತು. ನಾನೂ ಹುಬ್ಬಳ್ಳಿಗೆ ಬರೆದು ಕಳಿಸಿದೆ. ಪತ್ರಿಕೆಯವರು ಅಚ್ಚು ಮಾಡಲಿಲ್ಲ.

ಆ ಮಂಗಳವಾರ ಠಾಣೆಯ ಫೌಜದಾರ ಡಂಗುರದವರನ್ನು ಕರೆಸಿದ. ಸಂಜೆಯವರೆಗೆ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ, ಒಂದು ಕಾಗದ ಮುಂದಿಟ್ಟ. ತಾನು ಇರುವ ಜಾಗದಲ್ಲಿ, ತನ್ನನ್ನೂ ಹಿಡಿದು, ನಾಲ್ಕರ ಮೇಲೆ ಐದನೆಯವರು ಕಂಡುಬಂದರೆ ಅದಕ್ಕೆ ತಾನೇ ಜವಾಬ್ದಾರನೆಂದು ಅದರಲ್ಲಿ ಬರೆದಿತ್ತು. ಎಷ್ಟು ದಿನದ ತನಕ ಎಂದು ಬರೆದಿರಲಿಲ್ಲ. ಎಣಿಸಲು ಬರುವವನಿಗೆ ಎಣಿಸುವ ಕೆಲಸ ಕೊಟ್ಟಿದ್ದೇನೆ ಎಂದು ಫೌಜದಾರ ನಕ್ಕನಂತೆ. ಡಂಗುರದವರು ಹೆಬ್ಬಟ್ಟು ಒತ್ತಿದರು.

ಶನಿವಾರ ನಸುಕಿನಲ್ಲಿ ಅವರ ಹೆಂಡತಿ ತೀರಿಕೊಂಡರು. ಮೂರು ದಿನದ ಜ್ವರ. ಬೆಳಗಿನ ಬಸ್ಸಿಗೆ ಗದಗಿನ ದವಾಖಾನೆಗೆ ಒಯ್ಯಬೇಕೆಂದು ಗಂಟು ಕಟ್ಟಿಟ್ಟಿದ್ದರು.

ನಾನು ಹೋದಾಗ ಕೇರಿಯ ಜನ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಕುಣಿ ತೋಡಿದವರು ಆಗಲೇ ಬೇರೆ ದಾರಿಯಿಂದ ಮರಳಿದ್ದರು. ಕೇರಿಯ ಬಾಯಲ್ಲಿ ಇಬ್ಬರು ಪೊಲೀಸರು, ಪಕ್ಕದಲ್ಲಿ ಬೂಟಿನಪ್ಪ. ಡಂಗುರದವರು ನನ್ನನ್ನು ಕಂಡು ಕೇಳಿದರು:

"ಪೇಪರಿನವರ, ಹುಕುಮಿನಾಗ ಹೆಣದ ಮಾತು ಏನರ ಇತ್ತೇನ್ರಿ?"

"ಇಲ್ಲ" ಎಂದೆ. ಕಾಗದ ಮನೆಯಲ್ಲಿತ್ತು. ಹೋಗಿ ನೋಡಲಿಲ್ಲ. ನೆನಪಿದೆ ಎಂದುಕೊಂಡಿದ್ದೆ.

ಸಿದಿಗೆಗೆ ನಾಲ್ವರು ಬೇಕು. ಮುಂಡರಗಿಯಿಂದ ಬಂದಿದ್ದ ಅವರ ಹೆಂಡತಿಯ ತಮ್ಮ ಹೇಳಿದ: "ಮಾವಾ, ನನ್ನ ಹೆಗಲು ನೀ ತಗೋ. ನಾ ಹಿಂದ ಉಳೀತೇನಿ."

"ನಾ ಹೊತ್ತರ ಹಲಗಿ ಬಾರಸವರು ಯಾರು? ಊರ ಮಂದೀನೆಲ್ಲ ಹಲಗಿ ಬಾರಿಸಿ ಕಳಿಸೇನಿ. ಆಕೀನ ಸುಮ್ಮ ಕಳಸ್ಲೇನು?"

"ಹಂಗಾರ ಮುಂದ ನಡಿ. ಏನರ ಮಾಡ್ಲಿ ಅವರು."

"ನಾ ನಡದ್ರ ಐದಾಗತೈತಿ. ಅವರು ಹಿಡದ್ರ ಹಿಡೀಲಿ, ಅದಲ್ಲ. ನನ್ನ ಬಾಯಿಲೆ ಸಾರೇನಿ. ನಾನ ಹ್ಯಾಂಗ ಮುರೀಲಿ?"

ಮನೆಯ ಮುಂದಿನ ಒಂದು ಹಿಡಿ ಮಣ್ಣನ್ನು ಟವೆಲ್ಲಿನ ತುದಿಗೆ ಕಟ್ಟಿ ಅವನ ಹೆಗಲಿಗೆ ಹಾಕಿದರು. "ನನ್ನ ಪಾಲಿಂದು. ನೀನ ಹಾಕು."

ಅಂದು ಹಲಗಿಯನ್ನು ಅವರೇ ಕಾಯಿಸಿದ್ದರು. ಕಾವು ಸರಿಯಾಗಿ ಕೂಡಿರಲಿಲ್ಲ. ಸಿದಿಗೆ ಎದ್ದಾಗ ಹೊಸ್ತಿಲ ಹೊರಗೆ ನಿಂತು ಬಡಿಯತೊಡಗಿದರು. ದನಿ ಬಿಗಿಯಾಗಿರಲಿಲ್ಲ. ಪೊಲೀಸರು ಹೊತ್ತವರನ್ನು ನೋಡಿದರು, ಏನೂ ಹೇಳಲಿಲ್ಲ. ಎಂದೂ ಅಂಗಡಿ ಬಿಟ್ಟು ಬರದ ಸಾಬರು ಅಂದು ಕೇರಿಯ ಬಾಯಿಗೆ ಬಂದಿದ್ದರು.

"ಬರ್ಕೊಳ್ರಿ, ಸಾಹೇಬ್ರ" ಎಂದು ಬೂಟಿನಪ್ಪನಿಗೆ ಹೇಳಿದರು. "ಹೊತ್ತವರು ನಾಕು, ಸತ್ತಾಕಿ ಒಬ್ಬಾಕಿ. ಆಕೀನೂ ಲೆಕ್ಕಕ್ಕ ಬರೂದಿದ್ರ ಆಕೀನ್ನ ಹಿಡಕೊಂಡು ಹೋಗ್ರಿ."

ಯಾರೂ ನಗಲಿಲ್ಲ. ಬೂಟಿನಪ್ಪ ಪುಸ್ತಕವನ್ನು ಜೇಬಿನಿಂದ ತೆಗೆಯಲಿಲ್ಲ.

ಹಳ್ಳ ದಾಟುವವರೆಗೆ ಹಲಗಿ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ ಎಂದು ಹೊತ್ತವರು ಹೇಳಿದರು. ಇತ್ತ ಅವರು ಆ ನಾಲ್ವರೂ ಮರಳಿ ಬರುವವರೆಗೆ ಬಡಿಯುತ್ತಲೇ ಇದ್ದರು.

ಮಧ್ಯಾಹ್ನ ಈ ಸುದ್ದಿ ಬರೆಯಲು ಕೂತೆ. ಆಜ್ಞೆಯ ಮಾತುಗಳನ್ನು ಇದ್ದ ಹಾಗೆ ಹಾಕಬೇಕೆಂದು ಕಾಗದ ತೆಗೆದೆ. ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಹಿಂದೆ ನೋಡಿ' ಎಂದಿತ್ತು. ಹಿಂಬದಿಯಲ್ಲಿ ಎರಡು ಸಾಲು: ಮದುವೆ, ಶವಸಂಸ್ಕಾರ ಮತ್ತು ದೇವರ ನಿತ್ಯಪೂಜೆಗೆ ಸೇರುವವರಿಗೆ ಈ ಆಜ್ಞೆ ಅನ್ವಯಿಸುವುದಿಲ್ಲ.

ಕಾಗದ ಹಿಡಿದು ಠಾಣೆಗೆ ಹೋದೆ. ಫೌಜದಾರ ಎರಡೂ ಬದಿ ನೋಡಿ ಹಿಂದಕ್ಕೆ ಕೊಟ್ಟ.

"ಐತಲ್ರಿ, ಬರದೈತಿ. ನಾವೇನು ತಡದೇವೇನು? ಅವನ ಹೋಗಲಿಲ್ಲ."

"ನಿಮ್ಮವರು ಅಲ್ಲೇ ನಿಂತಿದ್ದರು. ಹೇಳಬಹುದಿತ್ತು."

"ಯಾರೂ ಕೇಳಲಿಲ್ಲ."

ಅಲ್ಲಿಂದ ಡಂಗುರದವರ ಮನೆಗೆ ಹೋದೆ. ಆರಿದ ಒಲೆಯ ಮುಂದೆ ಕೂತಿದ್ದರು. ಹಿಂಬದಿಯ ಎರಡು ಸಾಲನ್ನು ಓದಿ, ನೋಡದೆ ಬಿಟ್ಟವನು ನಾನು ಎಂದೆ.

"ಇನ್ನೊಮ್ಮೆ ಓದ್ರಿ."

ಓದಿದೆ. ಮೂರನೆಯದು ಅವರು ಹೇಳಿದರು. ಒಂದು ಶಬ್ದ ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಅಗಸಿಯಲ್ಲಿ ಹಲಗಿ ಕೇಳಿಸಿತು. ಹೆಂಡತಿಯನ್ನು ಮಣ್ಣು ಮಾಡಿ ಒಂದು ದಿನವೂ ಆಗಿರಲಿಲ್ಲ. ಯಾರೂ ಹತ್ತಿರ ಹೋಗಲಿಲ್ಲ. ಬಾಗಿಲುಗಳಲ್ಲಿ ನಿಂತು ಕೇಳಿದರು.

"ಕೇಳ್ರೆಪ್ಪೋ ಕೇಳ್ರಿ! ಮೊದಲ ಸಾರಿದ ಹುಕುಮಿನಾಗ ಒಂದು ಮಾತು ಬಿಟ್ಟಿತ್ತು. ಮದುವಿಗೆ, ದೇವರ ಪೂಜಾಕ್ಕ, ಹೆಣದ ಸಂಗಾಟ ಹೋಗವರಿಗೆ ಐದರ ಲೆಕ್ಕ ಇಲ್ಲಾ! ಎಷ್ಟು ಮಂದಿ ಆದ್ರೂ ಹೋಗಬಹುದೋ! ಬಿಟ್ಟದ್ದು ನನ್ನ ತಪ್ಪೋ!"

ಊರಿನ ಎಲ್ಲ ಓಣಿಗಳಲ್ಲಿಯೂ ಸಾರಿದರು. ಸರಕಾರದ ಮಾತಿಗೆ ಅವರು ತಮ್ಮ ಮಾತು ಕೂಡಿಸಿದ್ದು ಅದೊಂದೇ ಸಲ, 'ನನ್ನ ತಪ್ಪೋ' ಎಂಬ ಆ ಕೊನೆಯ ಮಾತು. ಅದು ನನ್ನ ಮನೆಯ ಮುಂದೆಯೂ ಹಾಗೆಯೇ ಇತ್ತು. ನಾನು ಹೊರಗೆ ಬಂದು, ತಪ್ಪು ನನ್ನದು ಎನ್ನಬಹುದಿತ್ತು. ಒಳಗೇ ನಿಂತಿದ್ದೆ.

ಎರಡು ತಿಂಗಳಿಗೆ ಆಜ್ಞೆಯ ಅವಧಿ ಮುಗಿಯಿತು. ಬೂಟಿನಪ್ಪ ಹೋದ. ನಾಗಪ್ಪನ ಹೆಡೆಯ ಬಟ್ಟೆಯನ್ನು ಯಾರೋ ಬಿಚ್ಚಿದರು. ಫೌಜದಾರನಿಗೆ ವರ್ಗವಾಯಿತು. ಡಂಗುರದವರು ಮಾತ್ರ ನಾಲ್ವರು ನಿಂತಲ್ಲಿ ಬಂದು ನಿಲ್ಲುತ್ತಿರಲಿಲ್ಲ. ಚಹಾದಂಗಡಿಯಲ್ಲಿ ನಾಲ್ಕು ಜನರಿದ್ದರೆ ಒಬ್ಬ ಎದ್ದು ಹೋಗುವವರೆಗೆ ರಸ್ತೆಯಾಚೆ ಕಾಯುತ್ತಿದ್ದರು. ಸಾಬರು ಕಪ್ಪನ್ನು ಅಲ್ಲಿಗೇ ಒಯ್ದು ಕೊಡುತ್ತಿದ್ದರು. ನಾಡು ಒಂದಾದ ದಿನ ಊರೆಲ್ಲ ಕಟ್ಟೆಯ ಸುತ್ತ ಸೇರಿದಾಗ, ಸುದ್ದಿ ಸಾರಿದವರು ಅವರೇ. ಸಾರಿದ ಮೇಲೆ ಬೇವಿನ ಮರದ ಹತ್ತಿರ ಒಬ್ಬರೇ ನಿಂತಿದ್ದರು. ನಾನು ಹೋಗಿ, ಆ ಹುಕುಂ ಮುಗಿದು ಮೂರು ವರ್ಷವಾಯಿತಲ್ಲ ಎಂದೆ.

"ಮುಗೀತಂತ ಸಾರಾಕ ನನಗ ಕಾಗದ ಬಂದಿಲ್ಲಲ್ರಿ, ಪೇಪರಿನವರ" ಎಂದರು. "ಬಂದ್ರ ನೀವ ಓದಿ ಹೇಳ್ರಿ. ಎರಡೂ ಕಡೆ."

ಅವರು ತೀರಿಕೊಂಡಾಗ ನಾನು ಹುಬ್ಬಳ್ಳಿಯಲ್ಲಿದ್ದೆ. ಬೆಳಗಿನ ಬಸ್ಸಿಗೆ ಹೊರಟು ಬಂದೆ. ಶಿರಹಟ್ಟಿಯಿಂದ ಬಂದಿದ್ದ ಅವರ ತಂಗಿಯ ಮಗ ಹಲಗಿ ಕಾಯಿಸಿ ಸಿದಿಗೆಯ ಮುಂದೆ ನಡೆದ. ಮುಪ್ಪಾಗಿದ್ದ ಸಾಬರು ಅಂಗಡಿ ಮುಚ್ಚಿ ಬಂದರು. ಹಿಂದೆ ಹಳ್ಳದವರೆಗೂ ಜನವಿತ್ತು. ನಾನೂ ನಡೆದೆ, ಒಂದು ಹಿಡಿ ಮಣ್ಣು ಹಾಕಿದೆ.

ಹೆಬ್ಬಟ್ಟಿನ ಕಾಗದ ಏನಾಯಿತೆಂದು ಠಾಣೆಯಲ್ಲಿ ಎರಡು ಸಲ ವಿಚಾರಿಸಿದೆ. ಹಳೆಯ ಕಾಗದಗಳು ಇಲ್ಲ ಎಂದರು. ಆಜ್ಞೆಯ ಕಾಗದ ನನ್ನ ಬಳಿ ಇದೆ. ಅದು ಮುಗಿಯಿತೆಂದು ಸಾರುವ ಕಾಗದ ನಮ್ಮ ಊರಿಗೆ ಇನ್ನೂ ಬಂದಿಲ್ಲ.