ಹನ್ನೊಂದು ನಿಮಿಷದ ಸಂಜೆ

ಸರಿಯಾಗಿ ಲೆಕ್ಕ ಹಾಕಿದರೆ ಆಕಾಶದಕ್ಕನ ವಯಸ್ಸು ನೂರ ಐವತ್ತೊಂಬತ್ತು. ದಾಖಲೆಯಲ್ಲಿ ಐವತ್ತೇಳು ಎಂದಿದೆ. ಅದೇನು ಸುಳ್ಳಲ್ಲ. ಆದರೆ ಈ ಕೂಸು ಮುಂದೆ ತಾರಾಲಯಕ್ಕೆ ಕೆಲಸಕ್ಕೆ ಸೇರಿ, ಮೂವತ್ತೊಂದು ವರ್ಷ ದಿನಕ್ಕೆ ನಾಲ್ಕು ಸಲ ಸೂರ್ಯನನ್ನು ಮುಳುಗಿಸಿ ನಾಲ್ಕು ಸಲ ಎಬ್ಬಿಸುತ್ತದೆ ಎಂದು ದಾಖಲೆ ಬರೆದವನಿಗೆ ಹೇಗೆ ತಿಳಿಯಬೇಕು? ಉಳಿದವರು ದಿನಕ್ಕೆ ಒಂದು ರಾತ್ರಿ ಕಳೆದರೆ ಅವಳು ಐದು ಕಳೆದಳು. ಹೆಚ್ಚುವರಿ ರಾತ್ರಿಗಳೇ ಮೂವತ್ತೇಳು ಸಾವಿರ, ಅಂದರೆ ನೂರೆರಡು ವರ್ಷ. ಮನೆಯಲ್ಲಿರುವ ಅತ್ತೆಗೆ ಬರೀ ತೊಂಬತ್ತೊಂದು. ಅತ್ತೆಗಿಂತ ಅರವತ್ತೆಂಟು ವರ್ಷ ದೊಡ್ಡವಳಾದ ಸೊಸೆಗೆ ಸುಸ್ತು ಎಂದರೆ ಯಾರೂ ಹುಬ್ಬೇರಿಸಬಾರದು.

ಆಕಾಶದಕ್ಕ ಎಂದು ಹೆಸರಿಟ್ಟವರು ಶಾಲೆಯ ಮಕ್ಕಳು. ಬೋರಲು ಹಾಕಿದ ಬಟ್ಟಲಿನಂಥ ಚಾವಣಿಯ ಕೆಳಗೆ ನೂರ ನಲವತ್ತು ಕುರ್ಚಿ, ನಡುವೆ ಎರಡು ತಲೆಯ ಕಪ್ಪು ಇರುವೆಯಂತೆ ನಿಂತ ನಕ್ಷತ್ರ ಯಂತ್ರ, ಹಿಂದಿನ ಗೋಡೆಗೆ ಒತ್ತಿಕೊಂಡು ಅವಳ ಮೇಜು. ಮೇಜಿನ ಮೇಲೆ ಇಪ್ಪತ್ತಮೂರು ಗುಂಡಿಗಳು. ಯಾವುದು ಯಾವುದಕ್ಕೆಂದು ಬರೆದಿದ್ದ ಅಕ್ಷರಗಳನ್ನು ಅವಳ ಬೆರಳುಗಳು ಎಂದೋ ತಿಂದು ತೇಗಿದ್ದವು. ಪ್ರದರ್ಶನದ ಹೆಸರು ‘ವಿಶ್ವದ ಅಚ್ಚರಿ, ಅಪಾಯ, ರಹಸ್ಯ’. ಒಟ್ಟು ನಲವತ್ತು ನಿಮಿಷ. ಅಚ್ಚರಿಗೆ ಹನ್ನೊಂದು, ಅಪಾಯಕ್ಕೆ ಏಳು, ರಹಸ್ಯಕ್ಕೆ ಒಂಬತ್ತು, ಕೊನೆಯ ಬೆಳಗಿಗೆ ಎರಡು. ಉಳಿದ ಹನ್ನೊಂದು ನಿಮಿಷ ಎಲ್ಲಕ್ಕಿಂತ ಮೊದಲು ಬರುವ ಸಂಜೆ.

ಆ ಸಂಜೆಗೆ ಕಾರಣವಿತ್ತು. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಕತ್ತಲು ಒಗ್ಗಲು ಹೊತ್ತು ಬೇಕು. ಅವಸರ ಮಾಡಿದರೆ ದೊಡ್ಡ ನಕ್ಷತ್ರಗಳಷ್ಟೇ ಕಂಡು ಸಣ್ಣವು ಕಾಣದೆ ಹೋಗುತ್ತವೆ, ಪುಟ್ಟ ಮಕ್ಕಳು ಕಿರುಚಿಕೊಳ್ಳುತ್ತವೆ. ಅದಕ್ಕೇ ಅವಳು, “ಈಗ ಸಂಜೆ ಆಗ್ತಿದೆ. ಮಾತಾಡ್ದೆ ಮೇಲೆ ನೋಡ್ತಾ ಕೂತ್ಕೊಳ್ಳಿ,” ಎಂದು ಹೇಳಿ, ಎಡಗೈಯಿಂದ ಒಂದು ಗುಂಡಿಯನ್ನು ಉಗುರು ಬೆಳೆಯುವ ವೇಗದಲ್ಲಿ ತಿರುಗಿಸುತ್ತಿದ್ದಳು.

ಇದು ಎಲ್ಲರಿಗೂ ಗೊತ್ತಿದ್ದ ಕಾರಣ. ಗೊತ್ತಿಲ್ಲದ ಇನ್ನೊಂದು ಕಾರಣವೆಂದರೆ, ಆ ಹೊತ್ತಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು. ಕಳ್ಳನಿದ್ದೆಯಲ್ಲ, ಕನಸು ಸಮೇತ ನಿದ್ದೆ. ಮೈಯೆಲ್ಲ ಮಲಗಿದರೂ ಎಡಗೈ ಒಂದೇ ಡ್ಯೂಟಿಯಲ್ಲಿರುತ್ತಿತ್ತು. ಗುಂಡಿ ಕೊನೆ ಮುಟ್ಟಿ ‘ಟಕ್’ ಎಂದಾಗ ಎಚ್ಚರಾಗಿ, ಏನೂ ಆಗದವಳಂತೆ, “ನೋಡಿ, ಎಷ್ಟೊಂದು ನಕ್ಷತ್ರ,” ಎನ್ನುತ್ತಿದ್ದಳು. ದಿನಕ್ಕೆ ನಾಲ್ಕು ಸಂಜೆ, ನಲವತ್ತನಾಲ್ಕು ನಿಮಿಷ. ಅವಳ ಪಾಲಿಗೆ ಬಂದ ನಿದ್ದೆ ಹೆಚ್ಚುಕಡಿಮೆ ಅಷ್ಟೇ.

ಯಾಕೆಂದರೆ ಮನೆಯಲ್ಲಿ ಅತ್ತೆಗೆ ಹಗಲು ರಾತ್ರಿ ಅದಲುಬದಲಾಗಿ ನಾಲ್ಕು ವರ್ಷವಾಗಿತ್ತು. ಹಗಲೆಲ್ಲ ಗೊರಕೆ. ಊರು ಮಲಗಿದ ಮೇಲೆ, “ಏಳೇ, ಬೆಳಗಾಯ್ತು, ಮುಖ ತೊಳೆಸು,” ಎಂದು ಶುರು.

“ಅತ್ತೆ, ಕಿಟಕಿ ಆಚೆ ನೋಡಿ, ಕತ್ತಲೆ.”

“ಹಗಲಲ್ಲಿ ಕತ್ತಲೆ ಮಾಡೋದೇ ನಿನ್ನ ಕಸುಬು. ನಿನ್ನ ಕತ್ತಲೆ ನಾನು ನಂಬಲ್ಲ ಕಣೇ.”

ಸೊಸೆ ಎದ್ದು ಮುಖ ತೊಳೆಸುತ್ತಿದ್ದಳು. ತಕ್ಕಡಿ ರಿಪೇರಿ ಮಾಡುವ ಗಂಡ ಒಳ್ಳೆಯವನೇ, ಆದರೆ ಮಲಗಿದ ಮೇಲೆ ಅವನಿಗೂ ಬಂಡೆಗೂ ವ್ಯತ್ಯಾಸವಿರಲಿಲ್ಲ. ಬೆಳಿಗ್ಗೆ ಎದ್ದು, “ಅಮ್ಮ ರಾತ್ರಿ ಕೂಗಿದ್ಲಾ? ನಂಗೆ ಕೇಳಿಸ್ಲೇ ಇಲ್ವಲ್ಲ,” ಎಂದು ನಾಲ್ಕು ವರ್ಷದಿಂದ ದಿನವೂ ಹೊಸದಾಗಿ ಬೆರಗಾಗುತ್ತಿದ್ದ.

ಹೀಗೆ ದಿನ ದೂಡುತ್ತಿದ್ದಾಗ ತಾರಾಲಯಕ್ಕೆ ಹೊಸ ಮೇಲಧಿಕಾರಿ ಬಂದರು. ಹಿಂದೆ ಇಪ್ಪತ್ತು ವರ್ಷ ಬಸ್ ಡಿಪೋ ನೋಡಿಕೊಂಡವರು. ಅವರ ಬಾಯಲ್ಲಿ ಪ್ರದರ್ಶನ ‘ಟ್ರಿಪ್’ ಆಯಿತು, ಪ್ರೇಕ್ಷಕರು ‘ಪ್ಯಾಸೆಂಜರ್’ ಆದರು. ಮೊದಲ ವಾರವೇ ಅಕ್ಕನನ್ನು ಕೋಣೆಗೆ ಕರೆದು, ಕಿಟಕಿಯಿಂದ ಹೊರಗೆ ತೋರಿಸಿದರು. ಎರಡು ಸಾಲು ಶಾಲೆ ಮಕ್ಕಳು ನೀರಿನ ಬಾಟಲಿ ಹಿಡಿದುಕೊಂಡು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಹೊರಟಿದ್ದರು.

“ದಿನಾ ಹೀಗೇ ನೂರಾರು ಮಕ್ಕಳು ಸೀಟಿಲ್ದೆ ವಾಪಸ್ ಹೋಗ್ತಾರಲ್ಲಮ್ಮ. ಪಾಪ ಅನ್ಸಲ್ವಾ?”

“ಅನ್ಸತ್ತೆ ಸಾರ್.”

“ನಲವತ್ತು ನಿಮಿಷನ ಮೂವತ್ತೆರಡು ಮಾಡಿದ್ರೆ ಐದನೇ ಟ್ರಿಪ್ ಹೊಡೀಬಹುದು. ನಾನು ಮೂರು ಸಲ ಕೂತು ನೋಡಿದೀನಿ. ಶುರುನಲ್ಲಿ ಹನ್ನೊಂದು ನಿಮಿಷ ಗಾಡಿ ಸ್ಟ್ಯಾಂಡಲ್ಲೇ ನಿಂತಿರತ್ತೆ. ಅದನ್ನ ಮೂರು ಮಾಡಿ.”

ಅಕ್ಕ ಕಣ್ಣು ಒಗ್ಗಬೇಕು ಎಂದು ಹೇಳಲು ಬಾಯಿ ತೆರೆದಳು. ಆದರೆ ಆ ಮಾತು ಸತ್ಯವಾಗಿದ್ದರೂ ಅದರ ಬೆನ್ನ ಹಿಂದೆ ತನ್ನ ನಿದ್ದೆ ಬಚ್ಚಿಟ್ಟುಕೊಂಡು ಕೂತಿದೆ ಎಂಬುದು ನೆನಪಾಗಿ, ನಾಲಿಗೆ ಮುಷ್ಕರ ಹೂಡಿತು. ಸತ್ಯ ಹೇಳುವಾಗಲೂ ಕಳ್ಳಿಯ ಮುಖ ಬರುವುದೆಂದರೆ ಅದು ದೊಡ್ಡ ಕಷ್ಟ. “ಆಯ್ತು ಸಾರ್,” ಎಂದು ಹೊರಗೆ ಬಂದಳು.

ನಕ್ಷತ್ರ ಯಂತ್ರಕ್ಕೆ ಎಣ್ಣೆ ಹಾಕಿ ದೂಳು ಒರೆಸುವ ಮೆಕ್ಯಾನಿಕ್ ಅವಳಷ್ಟೇ ಹಳಬ. ವಿಷಯ ಕೇಳಿ, “ಸೂರ್ಯನಿಗೇ ಲೇಟಾಗಿ ಬಂದೆ ಅಂತ ಮೆಮೋ ಕೊಡ್ತಾರೆ ನೋಡ್ತಿರು,” ಎಂದ. ಅವಳಿಗೆ ನಗಲೂ ಶಕ್ತಿಯಿರಲಿಲ್ಲ.

ಸೋಮವಾರದಿಂದ ಮೂರು ನಿಮಿಷದ ಸಂಜೆ, ಐದು ಪ್ರದರ್ಶನ. ಸೂರ್ಯ ಬಾವಿಗೆ ಬಿದ್ದ ಕೊಡದಂತೆ ದುಡುಮ್ಮನೆ ಮುಳುಗಿದ. ಮಕ್ಕಳು ಕಿರುಚಿದವು. ಅಕ್ಕ, “ನೋಡಿ, ಎಷ್ಟೊಂದು ನಕ್ಷತ್ರ,” ಎಂದರೆ ಕತ್ತಲಲ್ಲಿ ಯಾರೋ ಮೇಷ್ಟರು, “ಎಣಿಸಿದೆ, ಹದಿನಾಲ್ಕಿವೆ. ನಮ್ಮನೆ ತಾರಸಿ ಮೇಲೆ ಇದಕ್ಕಿಂತ ಜಾಸ್ತಿ ಕಾಣತ್ತೆ,” ಎಂದರು. ಮೂರು ನಿಮಿಷದಲ್ಲಿ ನಿದ್ದೆ ಹೊಸ್ತಿಲ ತನಕ ಬಂದು, ಚಪ್ಪಲಿ ಬಿಡುವಷ್ಟರಲ್ಲಿ ‘ಟಕ್’ ಎಂಬ ಸದ್ದಿಗೆ ಹೆದರಿ ಓಡಿಹೋಗುತ್ತಿತ್ತು.

ಗುರುವಾರ ನಾಲ್ಕನೇ ಪ್ರದರ್ಶನ. ಹಿಂದಿನ ರಾತ್ರಿ ಅತ್ತೆ ಏಳು ಸಲ ಬೆಳಗು ಮಾಡಿದ್ದರು. ಅಪಾಯದ ಭಾಗ ನಡೆಯುತ್ತಿತ್ತು. ಬೆಟ್ಟದಷ್ಟು ದೊಡ್ಡ ಬಂಡೆಯೊಂದು ಭೂಮಿಯತ್ತ ಧಾವಿಸುತ್ತಿತ್ತು. ಅಕ್ಕ ಮೈಕಿನಲ್ಲಿ, “ಈಗ ಈ ಬಂಡೆ ಏನಾದರೂ ನಮಗೆ ಅಪ್ಪಳಿಸಿದರೆ...” ಎಂದಳು. ವಾಕ್ಯ ಅಲ್ಲಿಗೇ ನಿಂತಿತು.

ನೂರ ನಲವತ್ತು ಜನ ಉಸಿರು ಬಿಗಿಹಿಡಿದು ಕಾದರು. ಭೂಮಿ ಉಳಿಯಿತೋ ಹೋಯಿತೋ ಹೇಳುವವರಿಲ್ಲ. ಆಕಾಶದಕ್ಕನ ತಲೆ ಮೇಜಿಗೆ ಒರಗಿತ್ತು, ಮೊಣಕೈ ದಿನ ತಿರುಗಿಸುವ ಗುಂಡಿಯ ಮೇಲೆ ಊರಿತ್ತು. ಸೂರ್ಯ ಹುಟ್ಟಿದ, ಮುಳುಗಿದ, ಮತ್ತೆ ಹುಟ್ಟಿದ. ಚಂದ್ರ ಸವೆದು ಎಳೆಯಾಗಿ, ಮಾಯವಾಗಿ, ಮತ್ತೆ ಊದಿಕೊಳ್ಳತೊಡಗಿದ. ಕೂತವರ ಗಡ್ಡ ಬೆಳೆಯಿತೆಂದು ಆಮೇಲೆ ಮೆಕ್ಯಾನಿಕ್ ಹೇಳಿಕೊಂಡು ತಿರುಗಿದ್ದು ಉತ್ಪ್ರೇಕ್ಷೆ ಇರಬಹುದು, ಆದರೆ ಐದು ನಿಮಿಷದಲ್ಲಿ ಇಪ್ಪತ್ತೆರಡು ದಿನ ಕಳೆದುಹೋದದ್ದು ನಿಜ. ಅವನು ಬಾಗಿಲಲ್ಲಿ ನಿಂತು ಎಣಿಸಿದ್ದ. ಮಕ್ಕಳು ಚಪ್ಪಾಳೆ ತಟ್ಟಿದವು. ಒಬ್ಬರು ಮೇಡಂ ಮಾತ್ರ, “ಹಾಗಾದ್ರೆ ಈ ತಿಂಗಳ ಸಂಬಳ ಬಂದಿರ್ಬೇಕಲ್ಲ,” ಎಂದರು.

ಮೆಕ್ಯಾನಿಕ್ ಓಡಿ ಬಂದು ಭುಜ ಅಲುಗಿಸಿದಾಗ ಅಕ್ಕ ತಲೆಯೆತ್ತಿ, “ಬಂದೆ ಅತ್ತೆ,” ಎಂದಳು. ಮೈಕು ಆನ್ ಆಗಿಯೇ ಇತ್ತು. ಅಂತೂ ವಿಶ್ವದ ಕಡೆಯಿಂದ ಭೂಮಿಗೆ ಬಂದ ಉತ್ತರ ಅದೇ.

ಮೇಲಧಿಕಾರಿಗಳ ಕೋಣೆಯಲ್ಲಿ ಅವಳು ಕೈಕಟ್ಟಿ ನಿಂತಳು. ಇಂಥ ಹೊತ್ತಿನಲ್ಲಿ ಹೇಳಲು ರಕ್ತದೊತ್ತಡ, ತಲೆಸುತ್ತು, ವೈರಿಂಗ್ ದೋಷ ಎಂದು ಹತ್ತು ನೆಪಗಳಿರುತ್ತವೆ. ಆದರೆ ಸುಳ್ಳನ್ನು ಹೊಸೆಯಲಿಕ್ಕೂ ಸ್ವಲ್ಪ ಹುರುಪು ಬೇಕು. ಅದಿರಲಿಲ್ಲವಾದ್ದರಿಂದ ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆಯ ಬೆಳಗು, ಬಂಡೆಯಂತೆ ಮಲಗುವ ಗಂಡ, ಹನ್ನೊಂದು ನಿಮಿಷ, ಡ್ಯೂಟಿಯಲ್ಲಿರುವ ಎಡಗೈ, ಎಲ್ಲ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಅಂದ್ರೆ ಆ ಸಂಜೆ ಇರೋದು ಪ್ಯಾಸೆಂಜರ್ ಕಣ್ಣಿಗೋ, ನಿಮ್ಮ ಕಣ್ಣಿಗೋ?”

“ಎರಡಕ್ಕೂ ಸಾರ್. ಮೊದಲನೇದು ಬೇಕಿದ್ರೆ ನೀವೇ ಕೂತು ಎಣಿಸಿ ನೋಡಿ. ಎರಡನೇದಕ್ಕೆ ಏನು ಬೇಕಾದ್ರೂ ಮಾಡಿ.”

ಮರುದಿನ ಮೊದಲ ಪ್ರದರ್ಶನಕ್ಕೆ ಅವರೇ ಬಂದು ಕೂತರು. ಅವತ್ತು ಹಳೆಯ ಸಂಜೆ ಮಾಡಿ ಎಂದರು. ಅಕ್ಕ ರೆಪ್ಪೆ ಬಡಿಯದೆ ಗುಂಡಿ ತಿರುಗಿಸಿದಳು; ಹನ್ನೊಂದು ನಿಮಿಷ ಎಷ್ಟು ಉದ್ದವೆಂದು ಅವತ್ತೇ ಅವಳಿಗೆ ತಿಳಿದದ್ದು. ಅವರು ಹೊರಗೆ ಬಂದು ಹೇಳಿದರು: “ಮುನ್ನೂರರ ತನಕ ಎಣಿಸ್ದೆ. ಆಮೇಲೆ ಬಿಟ್ಟೆ. ಡಿಪೋನಲ್ಲಿ ನಿದ್ದೆಗೆಟ್ಟ ಡ್ರೈವರ್‌ಗಳನ್ನ ತುಂಬ ನೋಡಿದೀನಮ್ಮ. ಸಸ್ಪೆಂಡ್ ಮಾಡಿದ್ರೆ ಇನ್ನೊಬ್ಬ ಬರ್ತಾನೆ, ಅವನೂ ತೂಕಡಿಸ್ತಾನೆ. ಕೊನೆಗೆ ಟೈಂ ಟೇಬಲ್ಲೇ ಬದಲಾಯಿಸ್ಬೇಕಾಗ್ತಿತ್ತು. ಆದ್ರೆ ಆ ಮಕ್ಕಳನ್ನ ವಾಪಸ್ ಕಳಿಸಕ್ಕಾಗಲ್ಲ. ಎಂಟು ನಿಮಿಷ ನಂಗೆ ಬೇಕು. ಎಲ್ಲಿಂದ ಕೊಡ್ತೀರಿ?”

ಐದನೇ ಪ್ರದರ್ಶನ ತಪ್ಪುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಅಚ್ಚರಿಯನ್ನು ಕತ್ತರಿಸಿದರೆ ಮಕ್ಕಳು ಬರುವುದಿಲ್ಲ, ಅಪಾಯವನ್ನು ಕತ್ತರಿಸಿದರೆ ಹುಡುಗರು ಬರುವುದಿಲ್ಲ.

“ರಹಸ್ಯದಿಂದ ತಗೊಳ್ಳಿ ಸಾರ್.”

“ಅದು ಒಂಬತ್ತು ನಿಮಿಷ ಇದೆ. ಅಷ್ಟು ಹೊತ್ತು ಏನು ಹೇಳ್ತೀರಿ?”

“ಗೊತ್ತಿಲ್ಲ ಅಂತ ಹೇಳ್ತೀನಿ ಸಾರ್. ವಿಶ್ವ ಶುರುವಾಗೋ ಮುಂಚೆ ಏನಿತ್ತು ಅಂತ ಇಂಥವರು ಹೀಗಂದ್ರು, ಅಂಥವರು ಹಾಗಂದ್ರು, ಕೊನೆಗೆ ಯಾರಿಗೂ ಗೊತ್ತಿಲ್ಲ. ಆಚೆ ಏನಿದೆ, ಅದೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋಕೆ ಒಂಬತ್ತು ನಿಮಿಷ ಯಾಕೆ? ಒಂದು ನಿಮಿಷ ಸಾಕು.”

ಮೇಲಧಿಕಾರಿಗಳು ನಕ್ಕರು. ಅವತ್ತೇ ಆದೇಶ ಟೈಪಾಯಿತು: ಸಂಜೆ ಹನ್ನೊಂದು, ರಹಸ್ಯ ಒಂದು.

ಸೋಮವಾರ ಐದನೇ ಪ್ರದರ್ಶನ. ಆಗಲೇ ನಾಲ್ಕು ಸಲ ಮೈಕಿನ ಮುಂದೆ ಕೂತು ಸೊಂಟ ಕಂಬವಾಗಿತ್ತು, ಗಂಟಲು ಮರಳುಕಾಗದವಾಗಿತ್ತು. ಸಂಜೆಯಲ್ಲಿ ಅವಳು ಸೊಗಸಾಗಿ ಮಲಗಿದಳು, ‘ಟಕ್’ ಎಂದಾಗ ಎದ್ದಳು. ಅಚ್ಚರಿಗಳು ಮುಗಿದವು. ಬಂಡೆ ಬಂದು ತಪ್ಪಿಸಿಕೊಂಡು ಹೋಯಿತು. ಆಮೇಲೆ ನಕ್ಷತ್ರಗಳನ್ನು ಹಾಗೇ ಬಿಟ್ಟು, ಅವಳು ಕುರ್ಚಿಗೆ ಒರಗಿಕೊಂಡು ಹೇಳಿದಳು: “ಇದೆಲ್ಲ ಹೇಗೆ ಶುರುವಾಯಿತು, ಇದರ ಆಚೆ ಏನಿದೆ, ನಮಗೆ ಗೊತ್ತಿಲ್ಲ.”

ಹತ್ತು ಸೆಕೆಂಡಿನಲ್ಲಿ ರಹಸ್ಯ ಮುಗಿದಿತ್ತು. ಉಳಿದ ಐವತ್ತು ಸೆಕೆಂಡು ಸುಮ್ಮನಿರಬಹುದೆಂದು ಅವಳು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಮೂರನೇ ಸಾಲಿನಿಂದ ಯಾರೋ ವಯಸ್ಸಾದವರ ದನಿ ಕೇಳಿತು.

“ನಿಮಗೆ ಗೊತ್ತಿಲ್ವೋ, ಯಾರಿಗೂ ಗೊತ್ತಿಲ್ವೋ?”

ಅವಳು ಕಣ್ಣು ತೆರೆದಳು. “ಯಾರಿಗೂ ಗೊತ್ತಿಲ್ಲ ಯಜಮಾನ್ರೇ.”

“ದೊಡ್ಡ ದೊಡ್ಡ ಓದಿದೋರಿಗೂ?”

“ಅವರಿಗೂ ಇಲ್ಲ.”

“ಸದ್ಯ,” ಎಂದಿತು ದನಿ. “ನಂಗೊಬ್ಬನಿಗೇ ಗೊತ್ತಿಲ್ಲ ಅಂದ್ಕೊಂಡು ಇಷ್ಟು ದಿನ ಯಾರನ್ನೂ ಕೇಳಿರ್ಲಿಲ್ಲ.”

ಕತ್ತಲಲ್ಲಿ ಮೊದಲು ಒಬ್ಬರು, ಆಮೇಲೆ ಸಾಲು ಸಾಲೇ ನಕ್ಕಿತು. ಅಕ್ಕನಿಗೂ ನಗು ಬಂತು. ಮೈಕನ್ನು ಅಂಗೈಯಿಂದ ಮುಚ್ಚಿಕೊಂಡು ನಕ್ಕಳು. ಒಂದು ನಿಮಿಷ ದಾಟಿಹೋಗಿದ್ದು ಗೋಡೆಯ ಗಡಿಯಾರದಲ್ಲಿ ಕಾಣುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ನಗಲಿ ಎಂದು ಬಿಟ್ಟು, ಆಮೇಲೆ ಬೆಳಗಿನ ಗುಂಡಿಗೆ ಕೈ ಹಾಕಿದಳು.